ಮನೆಯಲ್ಲೇ ಪಾಠ ಯಾಕಾಗಬಾರದು? ಅಡ್ಮಿಶನ್‌ಗೆ ಮೊದಲು ಒಮ್ಮೆ ಕೂತು ಯೋಚಿಸಿ

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು, 800 ಗಂಟೆ ಪಾಠ ಆಗಬೇಕು. ಅಂದರೆ ದಿನಕ್ಕೆ ನಾಲ್ಕು ಗಂಟೆ. ಈಗ ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋಗುವ ಮಗುವಿನ ದಿನ ನೋಡಿ. ವ್ಯಾನು ಊರೂರು ಸುತ್ತಿ, ಮಕ್ಕಳನ್ನು ತುಂಬಿಕೊಂಡು ಹೋಗುವುದಕ್ಕೆ ಒಂದು ಗಂಟೆ, ವಾಪಸ್ ಬರುವುದಕ್ಕೆ ಒಂದು ಗಂಟೆ. 200 ದಿನಕ್ಕೆ 400 ಗಂಟೆ ಆಯಿತು. ಪಾಠ ಕೇಳುವ ಹೊತ್ತಿನ ಅರ್ಧದಷ್ಟು ಹೊತ್ತು ಆ ಮಗು ವ್ಯಾನಿನಲ್ಲೇ ಕಳೆಯುತ್ತದೆ.

ಇನ್ನೊಂದು ಲೆಕ್ಕ. ಅದೇ ಕಾಯ್ದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು ಎನ್ನುತ್ತದೆ. ದಿನದ ನಾಲ್ಕು ಗಂಟೆ ಅಂದರೆ 240 ನಿಮಿಷ. ಅದನ್ನು 30 ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ ಸಿಗುವುದು 8 ನಿಮಿಷ. ಇದು ಶಿಕ್ಷಕರ ತಪ್ಪಲ್ಲ. ತರಗತಿ ಅಂದರೆ ಇರುವುದೇ ಹಾಗೆ. ಆದರೆ ಮನೆಯಲ್ಲಿ ಅಪ್ಪನೋ ಅಮ್ಮನೋ ಅಕ್ಕನೋ ದಿನಕ್ಕೆ ಎರಡು ಗಂಟೆ ಮಗುವಿನ ಪಕ್ಕ ಕೂತರೆ, ಆ 120 ನಿಮಿಷವೂ ಆ ಮಗುವಿನದೇ.

ಈ ಎರಡು ಲೆಕ್ಕ ಇಟ್ಟುಕೊಂಡು ನಾವು ಒಂದು ಮಾತು ಹೇಳುತ್ತಿದ್ದೇವೆ. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವುದು ಪೇಟೆಯ ಹಣವಂತರ ಶೋಕಿ ಅಲ್ಲ. ಹಳ್ಳಿಯ ಕುಟುಂಬವೂ ಅದನ್ನು ಒಂದು ದಾರಿ ಅಂತ ಯೋಚಿಸಬಹುದು. ಎಲ್ಲರೂ ಮಾಡಿ ಅಂತ ಹೇಳುತ್ತಿಲ್ಲ. ಯಾರು ಮಾಡಬಹುದು, ಯಾರು ಮಾಡಬಾರದು, ಇದರಿಂದ ಏನು ಲಾಭ, ಏನು ನಷ್ಟ, ಎಲ್ಲವನ್ನೂ ಮುಂದೆ ಇಡುತ್ತೇವೆ. ತೀರ್ಮಾನ ನಿಮ್ಮದು.

ಇದು ಹೊಸದೇನಲ್ಲ

ಕುವೆಂಪು ಹುಟ್ಟಿದ್ದು 1904ರಲ್ಲಿ. ಅವರ ಮೊದಲ ಅಕ್ಷರಾಭ್ಯಾಸ ಶಾಲೆಯಲ್ಲಿ ಆಗಲಿಲ್ಲ. ದಕ್ಷಿಣ ಕನ್ನಡ ಕಡೆಯಿಂದ ಬಂದ ಐಗಳೊಬ್ಬರು ಕುಪ್ಪಳಿಯ ಮನೆಯಲ್ಲೇ ಪಾಠ ಹೇಳಿದರು. ತೀರ್ಥಹಳ್ಳಿಯ ಶಾಲೆಗೆ ಸೇರಿದ್ದು ಆಮೇಲೆ. ಮನೆಯ ಪಾಠ ಮುಗಿಸಿ ಶಾಲೆಗೆ ಹೋದ ಆ ಹುಡುಗ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗ ಮಾಡಿದರು. ಶಾಲೆಯ ಪುಸ್ತಕದ ಆಚೆ ಮಕ್ಕಳು ತಾವೇ ಓದಿ ತಿಳಿಯಲಿ ಎಂದು 'ಬಾಲ ಪ್ರಪಂಚ'ದ ಸಂಪುಟಗಳನ್ನು ಬರೆದರು.

ಆದರೆ ಇನ್ನೊಂದು ಉದಾಹರಣೆಯನ್ನೂ ಹೇಳಲೇಬೇಕು. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಮಕ್ಕಳನ್ನು ಶಾಲೆಗೆ ಕಳಿಸದೆ ತಾವೇ ಕಲಿಸಲು ಹೊರಟರು. ಮಕ್ಕಳಿಗೆ ಕೊಡಬೇಕೆಂದಿದ್ದಷ್ಟು ಸಮಯ ಕೊಡಲಾಗಲಿಲ್ಲ ಎಂದು ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಮಕ್ಕಳಿಗೂ ಆ ಬಗ್ಗೆ ಬೇಸರ ಇತ್ತು. ಅಷ್ಟು ದೊಡ್ಡವರ ಮನೆಯಲ್ಲೇ ಹೀಗಾಗಿದೆ ಅಂದ ಮೇಲೆ, ಮನೆಪಾಠಕ್ಕೆ ಬೇಕಾದ ಮೊದಲ ಬಂಡವಾಳ ಹಣವಲ್ಲ, ಓದಿದ ಡಿಗ್ರಿಯೂ ಅಲ್ಲ, ಸಮಯ ಅನ್ನುವುದು ಗೊತ್ತಾಗುತ್ತದೆ.

ಕೊರೊನಾ ಕಾಲ ನೆನಪಿದೆಯಾ?

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನಾವು ಯಾರೂ ಬಯಸದೆಯೇ ಪ್ರತಿ ಮನೆಯೂ ಶಾಲೆಯಾಯಿತು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾದಾಗ ಸರ್ಕಾರಿ ಶಾಲೆಯ ಮೇಷ್ಟ್ರು, ಟೀಚರ್‌ಗಳು ಊರಿಗೇ ಬಂದು ದೇವಸ್ಥಾನದ ಜಗಲಿಯಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದರು. ಸೋಂಕು ಹೆಚ್ಚಾದ ಮೇಲೆ ಅಕ್ಟೋಬರ್‌ನಲ್ಲಿ ಅದು ನಿಂತಿತು.

ಆ ದಿನಗಳು ಎರಡು ವಿಷಯ ತೋರಿಸಿದವು. ಕಟ್ಟಡ ಇಲ್ಲದೆಯೂ ಪಾಠ ನಡೆಯುತ್ತದೆ. ಆದರೆ ಪಕ್ಕದಲ್ಲಿ ಒಬ್ಬ ಮನುಷ್ಯ ಇಲ್ಲದೆ, ಬರೀ ಮೊಬೈಲ್ ಕೊಟ್ಟು ಕೂರಿಸಿದರೆ ನಡೆಯುವುದಿಲ್ಲ. ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳ ಓದು ಪರೀಕ್ಷಿಸುವ 'ಅಸರ್' ಸಮೀಕ್ಷೆ 2022ರಲ್ಲಿ ಕಂಡಿದ್ದೇನೆಂದರೆ, ಐದನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಸರಾಗ ಓದಬಲ್ಲವರು ಸುಮಾರು 43 ಮಂದಿ ಮಾತ್ರ. ಕೊರೊನಾಕ್ಕೂ ಮೊದಲು, 2018ರಲ್ಲಿ, ಈ ಸಂಖ್ಯೆ 50ರ ಆಸುಪಾಸಿನಲ್ಲಿತ್ತು. ಅಂದರೆ ಶಾಲೆಗಳು ದಿನವೂ ನಡೆಯುತ್ತಿದ್ದಾಗಲೂ ಅರ್ಧ ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. ಶಾಲೆಗೆ ಹೋಗುವುದು ಬೇರೆ, ಕಲಿಯುವುದು ಬೇರೆ.

ಕಾನೂನು ಏನು ಹೇಳುತ್ತದೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನೇರವಾಗಿ ಹೇಳುತ್ತೇವೆ.

ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ, ಜಾರಿಯಾಗಿದ್ದು 2010ರ ಏಪ್ರಿಲ್ 1ರಿಂದ. ಅದು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ-ತಾಯಿಯ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಆದರೆ ಸೇರಿಸದ ಪೋಷಕರಿಗೆ ದಂಡವನ್ನಾಗಲಿ ಜೈಲನ್ನಾಗಲಿ ಕಾಯ್ದೆ ಇಟ್ಟಿಲ್ಲ. ಸಾಮಾನ್ಯ ಮಕ್ಕಳ ಮನೆಪಾಠದ ಬಗ್ಗೆ ಅದು ಮಾಡಿ ಅಂತಲೂ ಹೇಳಿಲ್ಲ, ಬೇಡ ಅಂತಲೂ ಹೇಳಿಲ್ಲ.

ಒಂದು ಗುಂಪಿನ ಮಕ್ಕಳಿಗೆ ಮಾತ್ರ ಕಾಯ್ದೆಯೇ ಮನೆಪಾಠದ ಹಕ್ಕು ಕೊಟ್ಟಿದೆ. 2012ರ ತಿದ್ದುಪಡಿ ಪ್ರಕಾರ, ತೀವ್ರ ಅಂಗವೈಕಲ್ಯ ಅಥವಾ ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು. ಇದಕ್ಕೆ ಗೃಹಾಧಾರಿತ ಶಿಕ್ಷಣ ಅನ್ನುತ್ತಾರೆ. ಇಂಥ ಮಗು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ ಬಿಇಒ ಕಚೇರಿಗೆ ಹೋಗಿ ಕೇಳಿ. ಅದು ಯಾರೋ ಕೊಡುವ ದಯೆ ಅಲ್ಲ, ಹಕ್ಕು.

ಇನ್ನೊಂದು ಮುಖ್ಯ ವಿಷಯ. ಮನೆಯಲ್ಲಿ ಕಲಿಸಿ ನೋಡಿ, ಸರಿಹೋಗಲಿಲ್ಲ ಅಂದರೆ? ವಾಪಸ್ ಹೋಗುವ ಬಾಗಿಲು ತೆರೆದೇ ಇದೆ. ಶಾಲೆಗೆ ಸೇರದೇ ಇದ್ದ, ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಎಂದು ಕಾಯ್ದೆಯ 4ನೇ ಕಲಂ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೂ ಸೇರಿಸಿಕೊಳ್ಳುವುದಿಲ್ಲ ಅನ್ನುವಂತಿಲ್ಲ.

ಆರು ವರ್ಷದೊಳಗಿನ ಮಗುವಿಗೆ ಏನವಸರ?

ನಾವು ಗಟ್ಟಿಯಾಗಿ ಒತ್ತಿ ಹೇಳುವುದು ಇಲ್ಲಿ. ಮೂರೂವರೆ, ನಾಲ್ಕು ವರ್ಷದ ಮಗುವನ್ನು ಬೆಳಗ್ಗೆ ನಿದ್ದೆಯಿಂದ ಎಬ್ಬಿಸಿ, ಟೈ ಕಟ್ಟಿ, ಎಲ್‌ಕೆಜಿಗೆ ವ್ಯಾನು ಹತ್ತಿಸುವುದನ್ನು ಯಾವ ಕಾನೂನೂ ಕೇಳುವುದಿಲ್ಲ. ಈ ವಯಸ್ಸಿಗೆ ಮನೆ, ಅಜ್ಜ-ಅಜ್ಜಿ, ಊರಿನ ಅಂಗನವಾಡಿ, ಇಷ್ಟು ಸಾಕು. ಕಥೆ ಕೇಳುವುದು, ಕಾಳು ಬೇರೆ ಮಾಡುವುದು, ಮಣ್ಣಲ್ಲಿ ಆಡುವುದು, ಹತ್ತರವರೆಗೆ ಎಣಿಸುವುದು, ಬಣ್ಣ-ಹಕ್ಕಿ-ಮರದ ಹೆಸರು ಹೇಳುವುದು. ಈ ವಯಸ್ಸಿನ ಸಿಲಬಸ್ ಇಷ್ಟೇ. ಎಲ್‌ಕೆಜಿ, ಯುಕೆಜಿಗೆ ಕಟ್ಟುವ ಫೀಸು, ವ್ಯಾನ್ ಬಾಡಿಗೆ, ಯೂನಿಫಾರಂ ಎಲ್ಲ ಸೇರಿಸಿ ಎರಡು ವರ್ಷಕ್ಕೆ ಎಷ್ಟಾಗುತ್ತದೆ ಅಂತ ನೀವೇ ಒಂದು ಹಾಳೆಯಲ್ಲಿ ಬರೆಯಿರಿ. ಕೈಸಾಲ ಮಾಡಿ, ಒಡವೆ ಅಡ ಇಟ್ಟು ಕಟ್ಟುವವರಿದ್ದಾರೆ. ಆ ದುಡ್ಡು ಉಳಿದರೆ ಮುಂದೆ ಪಿಯುಸಿಗೋ ಡಿಪ್ಲೊಮಾಗೋ ಆಗುತ್ತದೆ.

ಇಂಗ್ಲಿಷ್ ಬರಬೇಕಲ್ಲ ಅಂತೀರಿ. ಬರಬೇಕು, ನಿಜ. ಆದರೆ ಇಂಗ್ಲಿಷ್ ಕಲಿಯುವುದು ಬೇರೆ, ಗೊತ್ತಿಲ್ಲದ ಇಂಗ್ಲಿಷ್‌ನಲ್ಲಿ ಗಣಿತ ಕಲಿಯುವುದು ಬೇರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದ ಕಡೆಯೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲೇ ಕಲಿಸಿ ಎನ್ನುತ್ತದೆ. ಮಾಧ್ಯಮ ಆರಿಸುವುದು ಪೋಷಕರಿಗೆ ಬಿಟ್ಟ ವಿಷಯ, ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಆಯ್ಕೆ ನಮ್ಮ ಕೈಗೆ ಬಂತು. ಆದರೆ ನಾವು ಅದನ್ನು ಇಂಗ್ಲಿಷ್ ಮೀಡಿಯಂ ಬೋರ್ಡ್ ಇರುವ ಕಡೆ ಓಡುವುದಕ್ಕೆ ಮಾತ್ರ ಬಳಸಿದೆವು.

ಮನೆಪಾಠ ಹೇಗೆ ನಡೆಯುತ್ತದೆ?

ಶಾಲೆಯಂತೆ ಬೆಲ್ ಹೊಡೆದು ನಡೆಸಬೇಕಿಲ್ಲ. ಆರೇಳು ವರ್ಷದ ಮಗುವಿಗೆ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸಾಕು. ಬೆಳಗ್ಗೆ ಓದು, ಬರಹ. ಸಂಜೆ ಲೆಕ್ಕ. ಉಳಿದ ಹೊತ್ತು ಮಗು ಮನೆಯವರ ಜೊತೆ, ಊರಿನ ಜೊತೆ.

ಲೆಕ್ಕಕ್ಕೆ ಹಳ್ಳಿಗಿಂತ ಒಳ್ಳೆಯ ಪುಸ್ತಕ ಬೇರೆ ಇಲ್ಲ. ಡೇರಿಗೆ ಹಾಲು ಹಾಕುವ ಮನೆಯಾದರೆ ಡೇರಿ ಪುಸ್ತಕವನ್ನು ಮಗುವಿನ ಕೈಗೆ ಕೊಡಿ. ಇವತ್ತು ಎಷ್ಟು ಲೀಟರ್, ಫ್ಯಾಟ್ ಎಷ್ಟು ಬಂತು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ, ಬಟವಾಡೆ ದಿನ ಎಷ್ಟು ಬರಬೇಕು. ಕೂಡುವುದು, ಗುಣಿಸುವುದು, ದಶಮಾಂಶ ಎಲ್ಲ ಅಲ್ಲೇ ಇದೆ. ಹೊಲದಲ್ಲಿ 33 ಅಡಿ ಉದ್ದ, 33 ಅಡಿ ಅಗಲ ಅಳೆದು ಗೂಟ ಹೊಡೆಸಿ. ಅದು ಒಂದು ಗುಂಟೆ. ಅಂಥ 40 ಸೇರಿದರೆ ಒಂದು ಎಕರೆ. ವಿಸ್ತೀರ್ಣದ ಪಾಠ ಆ ಮಗು ಜೀವಮಾನದಲ್ಲಿ ಮರೆಯುವುದಿಲ್ಲ. ಸಂತೆಗೆ ಚೀಟಿ ಬರೆಸಿ, ವಾಪಸ್ ಬಂದ ಚಿಲ್ಲರೆ ಎಣಿಸಿ ಲೆಕ್ಕ ಒಪ್ಪಿಸಲು ಹೇಳಿ.

ವಿಜ್ಞಾನಕ್ಕೆ ಮಳೆ ಇದೆ. ಒಂದು ಡಬ್ಬಿ ಇಟ್ಟು, ಸ್ಕೇಲಿನಲ್ಲಿ ಅಳೆದು, ರೋಹಿಣಿಯಲ್ಲಿ ಎಷ್ಟು, ಆರಿದ್ರೆಯಲ್ಲಿ ಎಷ್ಟು ಎಂದು ಕ್ಯಾಲೆಂಡರ್ ಮೇಲೆ ಬರೆಸಿ. ಎರಡು ವರ್ಷ ಬರೆದರೆ ನಿಮಗೂ ಬಿತ್ತನೆಗೆ ಉಪಯೋಗ.

ಪುಸ್ತಕಕ್ಕೆ ಖರ್ಚಿಲ್ಲ. ಕರ್ನಾಟಕದ ಪಠ್ಯಪುಸ್ತಕಗಳು ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ದೀಕ್ಷಾ ಆ್ಯಪ್‌ನಲ್ಲಿ ಪಾಠದ ವಿಡಿಯೊಗಳಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮ ಬಂದಿದ್ದೇ ಇದಕ್ಕೆ. ನಿಮ್ಮ ಪಂಚಾಯಿತಿಯ ಗ್ರಂಥಾಲಯದ ಬಾಗಿಲು ಹಾಕಿದ್ದರೆ ಪಿಡಿಒ ಅವರನ್ನು ಕೇಳಿ.

"ನಾನೇ ಏಳನೇ ಕ್ಲಾಸು, ನಾನೇನು ಕಲಿಸಲಿ?" ಅಂತ ಎಷ್ಟೋ ತಾಯಂದಿರು ಅಂದುಕೊಳ್ಳುತ್ತಾರೆ. ಏಳನೇ ತರಗತಿ ಓದಿದ ಅಮ್ಮ ಕನ್ನಡ ಓದು, ಬರಹ, ಮಗ್ಗಿ, ಕೂಡುವ-ಕಳೆಯುವ ಲೆಕ್ಕವನ್ನು ಚೆನ್ನಾಗಿಯೇ ಕಲಿಸಬಲ್ಲರು. ಅದಕ್ಕಿಂತ ಮುಂದಕ್ಕೆ ಊರಿನಲ್ಲಿ ರಿಟೈರ್ ಆದ ಮೇಷ್ಟ್ರು ಇರುತ್ತಾರೆ, ಬಿಎಡ್ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಇರುತ್ತಾರೆ. ನಾಲ್ಕೈದು ಮನೆಯವರು ಸೇರಿ ಅವರಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಮಕ್ಕಳಿಗೆ ಪಾಠವೂ ಆಯಿತು, ಓದಿದ ಹುಡುಗಿಗೆ ಊರಲ್ಲೇ ಸಂಪಾದನೆಯೂ ಆಯಿತು.

ಸರ್ಟಿಫಿಕೇಟ್ ಹೇಗೆ?

ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಕೇಂದ್ರ ಸರ್ಕಾರದ್ದು. ಎನ್‌ಐಒಎಸ್ ಅಂತ ಕರೆಯುತ್ತಾರೆ. 1989ರಿಂದ ಇದೆ. 14 ವರ್ಷ ತುಂಬಿದವರು ಅದರ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಐದು ವಿಷಯ ಪಾಸಾಗಬೇಕು. ಕನ್ನಡವನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ. ಒಂದೇ ಸಲ ಎಲ್ಲ ಬರೆಯಬೇಕಿಲ್ಲ, ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಬಹುದು. ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ. ಹತ್ತಿರದ ಸರ್ಕಾರಿ ಹೈಸ್ಕೂಲಿನ ಮುಖ್ಯ ಶಿಕ್ಷಕರನ್ನು ಕೇಳಿದರೆ ವಿವರ ಹೇಳುತ್ತಾರೆ.

ಆದರೆ ಮನೆಪಾಠಕ್ಕೆ ಇಳಿಯುವ ಮೊದಲು ಒಂದು ನಷ್ಟ ತಿಳಿದಿರಲಿ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಮೀಸಲಿದೆ. ಇದು ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ ಶಾಲಾ ಪ್ರಮಾಣಪತ್ರ ಬೇಕು. ಮನೆಯಲ್ಲಿ ಓದಿದ ವರ್ಷಕ್ಕೆ ಆ ಪತ್ರ ಕೊಡುವವರು ಯಾರೂ ಇಲ್ಲ. ಮಗು ಎಂಜಿನಿಯರಿಂಗ್, ಅಗ್ರಿ ಕಡೆ ಹೋಗಲಿ ಎಂಬ ಆಸೆ ಇದ್ದರೆ ಇದು ಸಣ್ಣ ನಷ್ಟವಲ್ಲ. ಹಾಗೆಯೇ ಇನ್ನೊಂದು ಮಾತು: ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋಗುವ ಮಗುವೂ ಈ ಎರಡೂ ಮೀಸಲಾತಿ ಕಳೆದುಕೊಳ್ಳುತ್ತದೆ. ಅದನ್ನು ಅಡ್ಮಿಶನ್ ದಿನ ಯಾರೂ ಹೇಳುವುದಿಲ್ಲ.

ಯಾರು ಈ ದಾರಿಗೆ ಹೋಗಬಾರದು?

ಮಗಳನ್ನು ಮನೆಯಲ್ಲಿ ಇಟ್ಟುಕೊಂಡರೆ ಅಡುಗೆಗೆ, ತಮ್ಮನನ್ನು ನೋಡಿಕೊಳ್ಳುವುದಕ್ಕೆ ಆಗುತ್ತದೆ ಎಂಬ ಯೋಚನೆ ಒಂದು ಎಳೆಯಷ್ಟಾದರೂ ಇದ್ದರೆ, ದಯವಿಟ್ಟು ಅವಳನ್ನು ಶಾಲೆಗೇ ಕಳಿಸಿ. ಹೆಣ್ಣುಮಕ್ಕಳು ಶಾಲೆ ಬಿಟ್ಟ ಮನೆಗಳಲ್ಲಿ ಮದುವೆಯ ಮಾತು ಬೇಗ ಶುರುವಾಗುತ್ತದೆ. ಮಗನನ್ನು ದನ ಕಾಯುವುದಕ್ಕೆ, ಇಟ್ಟಿಗೆ ಗೂಡಿಗೆ, ಗ್ಯಾರೇಜಿಗೆ ಕಳಿಸಿ 'ಮನೆಪಾಠ' ಅನ್ನುವುದು ಮೋಸ. 14 ವರ್ಷದೊಳಗಿನವರನ್ನು ದುಡಿಸುವುದು ಅಪರಾಧ ಕೂಡ.

ಮಧ್ಯಾಹ್ನದ ಬಿಸಿಯೂಟವೇ ಮಗುವಿನ ಗಟ್ಟಿ ಊಟ ಆಗಿರುವ ಮನೆಯವರೂ ಬಿಡಿಸಬೇಡಿ. ಊಟ, ಹಾಲು, ಮೊಟ್ಟೆ, ಪುಸ್ತಕ, ಬಟ್ಟೆ ಎಲ್ಲ ಶಾಲೆಯಲ್ಲಿ ಮಗುವಿನ ಹಕ್ಕು.

ಇನ್ನೊಂದು ವಿಷಯ ಎಲ್ಲಕ್ಕಿಂತ ಮುಖ್ಯ. ಕುವೆಂಪು ಮನೆಗೆ ಐಗಳು ಬರಲು ಸಾಧ್ಯವಾಗಿದ್ದು ಅದು ದೊಡ್ಡ ಜಮೀನುದಾರರ ಮನೆಯಾಗಿದ್ದರಿಂದ. ಅಂಥ ಮನೆ ಇಲ್ಲದವರಿಗೆ ಅಕ್ಷರ ಸಿಕ್ಕಿದ್ದು ಶಾಲೆಯ ಬಾಗಿಲು ತೆರೆದ ಮೇಲೆಯೇ. ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಶುರು ಮಾಡಿದಾಗ ಜನ ಅವರಿಗೆ ಬೈದು ಅವಮಾನ ಮಾಡಿದರು. ಅಂಬೇಡ್ಕರರು ಬಾಲಕನಾಗಿದ್ದಾಗ ತರಗತಿಯಲ್ಲಿ ಗೋಣಿತಾಟಿನ ಮೇಲೆ ಬೇರೆಯಾಗಿ ಕೂತು ಓದಬೇಕಾಯಿತು. ಎಲ್ಲ ಕೇರಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಊಟ ಮಾಡುವ ಜಾಗ ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಸರ್ಕಾರಿ ಶಾಲೆ ಒಂದೇ. ಅದರಿಂದ ಮಗುವನ್ನು ದೂರ ಇಡುವುದಕ್ಕಾಗಿ ಮನೆಪಾಠ ಮಾಡುವವರ ಜೊತೆ ನಾವಿಲ್ಲ. ಮನೆಪಾಠ ಮಾಡುವುದಾದರೆ ನಾಲ್ಕೈದು ಮನೆಯ ಮಕ್ಕಳನ್ನು ಸೇರಿಸಿ ಮಾಡಿ. ಆ ನಾಲ್ಕೈದು ಮನೆ ಒಂದೇ ಬೀದಿಯವು, ಒಂದೇ ಜಾತಿಯವು ಆಗದಿರಲಿ.

ಹಾಗಾದರೆ ಯಾರು ಯೋಚಿಸಬಹುದು?

ಆರು ವರ್ಷದೊಳಗಿನ ಮಕ್ಕಳಿರುವ ಎಲ್ಲರೂ. ಕುರಿ ಹಿಂಡಿನ ಜೊತೆ ಊರೂರು ಅಲೆಯುವವರು, ಕಬ್ಬು ಕಡಿಯಲು ತಿಂಗಳುಗಟ್ಟಲೆ ವಲಸೆ ಹೋಗುವವರು. ಇವರ ಮಕ್ಕಳು ಹೇಗೂ ಅಷ್ಟು ದಿನ ಶಾಲೆ ತಪ್ಪಿಸಿಕೊಳ್ಳುತ್ತಾರೆ, ಆ ದಿನಗಳಲ್ಲಾದರೂ ಓದು ನಿಲ್ಲದಿರಲಿ. ತರಗತಿಯ ವೇಗಕ್ಕೆ ಹೊಂದಿಕೊಳ್ಳಲಾರದೆ ಪೆದ್ದ ಅನ್ನಿಸಿಕೊಂಡು ಕುಗ್ಗಿರುವ ಮಗು. ಶಾಲೆ ಅಂದರೆ ಹೊಟ್ಟೆನೋವು ಬರುವಷ್ಟು ಹೆದರುವ ಮಗು. ಇಂಥವರಿಗೆ ಒಂದು ವರ್ಷ, ಎರಡು ವರ್ಷ ಮನೆಯ ನೆರಳಲ್ಲಿ ಕಲಿತು ಮತ್ತೆ ಶಾಲೆಗೆ ಹೋಗುವುದು ಮರುಜೀವ ಬಂದ ಹಾಗೆ.

ಮೂರು ಪ್ರಶ್ನೆ ಕೇಳಿಕೊಳ್ಳಿ. ದಿನಕ್ಕೆ ಎರಡು ಗಂಟೆ, ಕೊಯ್ಲಿನ ಕಾಲದಲ್ಲೂ ತಪ್ಪದೆ ಕೂರುವ ಒಬ್ಬ ದೊಡ್ಡವರು ಮನೆಯಲ್ಲಿ ಇದ್ದಾರಾ? ಮಗು ಇದಕ್ಕೆ ಒಪ್ಪುತ್ತದಾ? ವಾರಕ್ಕೆ ಮೂರ್ನಾಲ್ಕು ದಿನವಾದರೂ ಬೇರೆ ಮಕ್ಕಳ ಜೊತೆ ಆಡಲು ಸಿಗುತ್ತದಾ? ಮೂರಕ್ಕೂ ಹೌದು ಅಂದರೆ ಮಾತ್ರ ಮುಂದುವರಿಯಿರಿ. ಒಂದಕ್ಕೆ ಇಲ್ಲ ಅಂದರೂ ಬೇಡ.

ಮೂರಕ್ಕೂ ಹೌದು ಅನ್ನಲಾಗದವರಿಗೆ ಮೂರನೇ ದಾರಿ ಇದೆ, ಹೆಚ್ಚಿನವರಿಗೆ ಸರಿಹೋಗುವುದು ಇದೇ. ಮಗು ಊರಿನ ಸರ್ಕಾರಿ ಶಾಲೆಯಲ್ಲೇ ಇರಲಿ. ಹಾಜರಿ, ಬಿಸಿಯೂಟ, ಗೆಳೆಯರು, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರ ಎಲ್ಲ ಉಳಿಯುತ್ತದೆ. ವ್ಯಾನಿನಲ್ಲಿ ಕಳೆಯಬೇಕಿದ್ದ ಎರಡು ಗಂಟೆಯನ್ನು ಮನೆಪಾಠಕ್ಕೆ ಕೊಡಿ. ಫೀಸಿನ ದುಡ್ಡಿನಲ್ಲಿ ಪುಸ್ತಕ ತನ್ನಿ. ಶಾಲೆಯಲ್ಲಿ ಶಿಕ್ಷಕರು ಕಡಿಮೆ ಇದ್ದರೆ ಎಸ್‌ಡಿಎಂಸಿ ಸಭೆಗೆ ಹೋಗಿ ಗಲಾಟೆ ಮಾಡಿ. ಊರಿನ ಶಾಲೆಯೂ ಉಳಿಯುತ್ತದೆ, ಮಗುವೂ ಕಲಿಯುತ್ತದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಮಗು ಯಾವ ತರಗತಿಯಲ್ಲಾದರೂ ಇರಲಿ, ಎರಡನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಿಸಿ. ಆಮೇಲೆ 72ರಲ್ಲಿ 38 ಕಳೆಯಲು ಹೇಳಿ. ಬೈಯಬೇಡಿ, ಸುಮ್ಮನೆ ಪಕ್ಕ ಕೂತು ನೋಡಿ. ಸರಾಗ ಬಂದರೆ ಸಂತೋಷ. ಬರದಿದ್ದರೆ, ಯಾವ ಶಾಲೆಗೆ ಸೇರಿಸಬೇಕು ಎಂಬುದಕ್ಕಿಂತ ಮೊದಲು ನಾಳೆಯಿಂದ ಪಕ್ಕದಲ್ಲಿ ಯಾರು ಕೂರುತ್ತೀರಿ ಎಂಬುದನ್ನು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿ.